ಸಂಬಂಧ ಇಬ್ಬರದು, ಬೈಗುಳ ಒಬ್ಬಳಿಗೆ: ಓದುಗರ ಸ್ಪಂದನ

ಕಳೆದ ಸಲ ಓದುಗರೊಬ್ಬರು ಹೀಗೆ ಬರೆದಿದ್ದರು: ನನ್ನ ಹಳೆಯ ಗೆಳತಿಗೂ ಅವಳ ಮೇಲಧಿಕಾರಿಗೂ ಇದ್ದ ಸಂಬಂಧ ಬಯಲಾಗಿದೆ. ಆ ಅಧಿಕಾರಿಗೆ ಮದುವೆಯಾಗಿದೆ. ಇಬ್ಬರ ಚಾಟ್‌ನ ಸ್ಕ್ರೀನ್‌ಶಾಟ್‌ಗಳು ಎಲ್ಲ ಕಡೆ ಹರಿದಾಡುತ್ತಿವೆ. ಅವರು ಕೆಲಸದಲ್ಲೇ ಇದ್ದಾರೆ, ಇವಳು ರಾಜೀನಾಮೆ ಕೊಟ್ಟಳು. ನಮ್ಮ ಸಹಪಾಠಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲೂ ದಿನಾ ಇದೇ ಮಾತು. ನಾನು ಅವಳ ಪರ ಮಾತಾಡಬೇಕಾ, ಸುಮ್ಮನಿರಬೇಕಾ?

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮೊದಲನೆಯದು ಉದ್ದವಿದೆ, ಕತ್ತರಿಸಲು ಮನಸ್ಸಾಗಲಿಲ್ಲ.

*

ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಿಮ್ಮ ಗೆಳತಿಯ ಜಾಗದಲ್ಲಿ ಒಂದು ಕಾಲಕ್ಕೆ ನಾನೇ ಇದ್ದೆ. ನನ್ನದೂ ಒಂದು ಫೋಟೊ ಹರಿದಾಡಿತ್ತು. ಅದರಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತಿದ್ದೆವು, ಅಷ್ಟೆ. ಮೊದಮೊದಲು ಫೋಟೊ ಪೂರ್ತಿ ಇತ್ತು. ಆಮೇಲೆ ಯಾರೋ ಅದನ್ನು ಕತ್ತರಿಸಿ ನನ್ನ ಮುಖದ ಸುತ್ತ ಕೆಂಪು ಗೆರೆ ಎಳೆದರು. ಅವನದು ಅಂತ ಉಳಿದದ್ದು ನೀಲಿ ಅಂಗಿಯ ಒಂದು ತೋಳು ಮಾತ್ರ. ಜನ ಒಬ್ಬರಿಂದ ಒಬ್ಬರಿಗೆ ಕಳಿಸ್ತಾ ಹೋದದ್ದು ಅದನ್ನೇ. ಅವನ ಬಗ್ಗೆ "ಪಾಪ, ಬಲೆಗೆ ಬಿದ್ದ" ಅಂದರು. ನನ್ನ ಬಗ್ಗೆ ಅಂದದ್ದನ್ನು ಇಲ್ಲಿ ಬರೆಯಲ್ಲ. ನಾನು ಹಾಕೋ ಬಟ್ಟೆ, ಅಮ್ಮ ನನ್ನನ್ನು ಬೆಳೆಸಿದ ರೀತಿ, ನನಗೆ ಸಿಕ್ಕ ಬಡ್ತಿ, ಎಲ್ಲವೂ ಚರ್ಚೆಗೆ ಬಂತು. ಆ ಬಡ್ತಿ ಸಿಕ್ಕಿದ್ದು ಅವನ ಪರಿಚಯ ಆಗೋ ಮೊದಲೇ. ಹಾಗಂತ ಹೇಳಿದರೆ "ನೋಡಿ, ಸಮರ್ಥನೆ ಬೇರೆ" ಅಂದರು. ಸುಮ್ಮನಿದ್ದರೆ "ಒಪ್ಪಿಕೊಂಡ ಹಾಗಾಯ್ತಲ್ಲ" ಅಂದರು.

ಬೈದವರಲ್ಲಿ ಹೆಚ್ಚಿನವರ ಮುಖವೇ ನನಗೆ ಗೊತ್ತಿಲ್ಲ. ಈಗಲೂ ಚುಚ್ಚೋದು ಎಲ್ಲ ಓದಿ ಏನೂ ಹೇಳದೆ ಇದ್ದ ಗೆಳತಿಯರು. ನನ್ನ ಮೆಸೇಜ್ ಪಕ್ಕ ನೀಲಿ ಟಿಕ್ ಬೀಳ್ತಿತ್ತು, ಉತ್ತರ ಬರ್ತಿರಲಿಲ್ಲ. ಮೀಟಿಂಗ್‌ನಲ್ಲಿ ನನ್ನ ಪಕ್ಕದ ಕುರ್ಚಿಗೆ ಯಾರೂ ಬರ್ತಿರಲಿಲ್ಲ. ಒಂದು ದಿನ ಬೇರೆ ವಿಭಾಗದ ಒಬ್ಬರು ಬಂದು ಅಲ್ಲಿ ಕೂತರು. ಅಷ್ಟೇನೂ ಹತ್ತಿರದವರಲ್ಲ. ಸಮಾಧಾನ ಗಿಮಾಧಾನ ಏನೂ ಇಲ್ಲ, "ಪೆನ್ ಇದೆಯಾ?" ಅಂತ ಕೇಳಿದರು. ಅವತ್ತು ರಾಜೀನಾಮೆ ಪತ್ರ ನನ್ನ ಬ್ಯಾಗಿನಲ್ಲೇ ಇತ್ತು. ಕೊಡಲಿಲ್ಲ.

ಗುಂಪಿನಲ್ಲಿ ಮಾತಾಡೋದು ಆಮೇಲಾಗಲಿ. ಮೊದಲು ಅವಳಿಗೆ ಫೋನ್ ಮಾಡಿ. ನಿಮ್ಮ ಪತ್ರದಲ್ಲಿ ಅವಳ ಜೊತೆ ಮಾತಾಡಿದ ವಿಷಯವೇ ಇಲ್ಲ, ಅದನ್ನು ಓದಿಯೇ ಇಷ್ಟು ಬರೆದೆ.
– ಹೆಸರು ಬೇಡ

*

ಗೆಳತಿ ಅಂತೀರಿ. ಅವಳ ಪರ ನಿಲ್ಲಲಾ ಬೇಡವಾ ಅಂತ ಕಂಡವರನ್ನೆಲ್ಲ ಕೇಳ್ತೀರಿ. ಅವಳಿಗೆ ಇದು ಗೊತ್ತಾದರೆ ಏನನ್ನಿಸಬಹುದು?
– ಎಂ. ಎಸ್.

*

ನೀವು ಕೇಳಿದ್ದಕ್ಕೆ ನೇರ ಉತ್ತರ ನನ್ನ ಹತ್ತಿರ ಇಲ್ಲ. ಆದರೆ ಇದು ಹೊಸದಲ್ಲ ಅಂತ ಹೇಳಬೇಕು. 1998ರಲ್ಲಿ ಅಮೆರಿಕದಲ್ಲಿ ಬಯಲಾದ ಹಗರಣ ನೆನಪಿಸಿಕೊಳ್ಳಿ. ಬಿಲ್ ಕ್ಲಿಂಟನ್ ದೇಶದ ಅಧ್ಯಕ್ಷ. ಸಂಬಂಧ ಶುರುವಾದ 1995ರಲ್ಲಿ ಮೋನಿಕಾ ಲೆವಿನ್ಸ್ಕಿಗೆ 22 ವರ್ಷ, ಅವರ ಕಚೇರಿಯಲ್ಲೇ ಇಂಟರ್ನ್. ಅಧಿಕಾರ ಯಾರ ಕೈಯಲ್ಲಿತ್ತು ಅಂತ ಬೇರೆ ಹೇಳಬೇಕಾ? ಆದರೂ ಹಗರಣಕ್ಕೆ ಅಂಟಿಕೊಂಡದ್ದು ಅವಳ ಹೆಸರು. ಕ್ಲಿಂಟನ್ ಮೇಲೆ ಮಹಾಭಿಯೋಗ ಆಯಿತು ನಿಜ, 1999ರಲ್ಲಿ ಸೆನೆಟ್ ಖುಲಾಸೆ ಮಾಡಿತು, ಅವರು ಅವಧಿ ಮುಗಿಸಿಯೇ ಇಳಿದರು. ಅವಳು ವರ್ಷಗಟ್ಟಲೆ ಟಿವಿ ಹಾಸ್ಯದವರ ಬಾಯಿಗೆ ಸಿಕ್ಕಿ, 2014ರ ಹೊತ್ತಿಗೆ ಮತ್ತೆ ಬಾಯಿಬಿಟ್ಟು ಇಂಥ ಅವಮಾನದ ವಿರುದ್ಧ ಮಾತಾಡತೊಡಗಿದಳು.

ಇನ್ನೊಂದು, 2004ರ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಪಂದ್ಯದ ನಡುವಿನ ಕಾರ್ಯಕ್ರಮ. ಟಿವಿಯಲ್ಲಿ ಎಲ್ಲರೂ ನೋಡ್ತಿರುವಾಗ ಗಾಯಕಿ ಜಾನೆಟ್ ಜಾಕ್ಸನ್ ಉಡುಪನ್ನು ಕಿತ್ತ ಕೈ ಜೊತೆಗೆ ಹಾಡುತ್ತಿದ್ದ ಜಸ್ಟಿನ್ ಟಿಂಬರ್‌ಲೇಕ್‌ದು. ಬೈಗುಳ ಹೆಚ್ಚು ಬಿದ್ದದ್ದು ಅವಳಿಗೆ. ಒಂದೇ ವಾರದಲ್ಲಿ ಅವನು ಗ್ರ್ಯಾಮಿ ಸಂಗೀತ ಪ್ರಶಸ್ತಿಯ ವೇದಿಕೆ ಹತ್ತಿ ಪ್ರಶಸ್ತಿ ತಗೊಂಡ. ಅವಳು ಅಲ್ಲಿರಲಿಲ್ಲ. 2018ರಲ್ಲಿ ಅದೇ ಸೂಪರ್ ಬೌಲ್‌ಗೆ ಅವನನ್ನೇ ಮತ್ತೆ ಕರೆದರು. ಅವನು ಅವಳ ಹೆಸರು ಹೇಳಿ ಬಹಿರಂಗವಾಗಿ ಕ್ಷಮೆ ಕೇಳಿದ್ದು 2021ರಲ್ಲಿ. ಇದನ್ನು ಓದುವಾಗಲೆಲ್ಲ ನನಗೆ ಸಿಟ್ಟು ಬರುತ್ತೆ.
– ರ.

*

ತಪ್ಪು ತಪ್ಪೇ. ಮದುವೆಯಾದವನು ಅಂತ ಗೊತ್ತಿದ್ದೂ ಹೋದಳಲ್ಲ. ಇದರಲ್ಲಿ ಹೆಣ್ಣು ಗಂಡು ಅನ್ನೋ ಭೇದ ತರಬೇಡಿ.
– ನಿವೃತ್ತ ಶಿಕ್ಷಕ

(ಇದೇ ಅಭಿಪ್ರಾಯದ ಪತ್ರಗಳು ಇನ್ನೂ ಬಂದಿವೆ. ಆ ಮೇಲಧಿಕಾರಿ ಮಾಡಿದ್ದರ ಬಗ್ಗೆ ಅವುಗಳಲ್ಲಿ ಒಂದು ಸಾಲೂ ಇರಲಿಲ್ಲ. ಮುಂದಿನ ಪತ್ರವನ್ನು ದಯವಿಟ್ಟು ಪೂರ್ತಿ ಓದಿ. – ಸಂ.)

*

ಎಲ್ಲರೂ ಆ ಹುಡುಗಿ ಬಗ್ಗೆ ಬರೀತೀರಿ. ಆ ಮನುಷ್ಯನ ಹೆಂಡತಿ ಬಗ್ಗೆ ಯಾರಾದರೂ ಯೋಚಿಸಿದಿರಾ? ನಾನು ಆ ಜಾಗದಲ್ಲಿ ನಿಂತವಳು. ನಿಮ್ಮ ಗೆಳತಿ ಮೇಲೆ ನನಗೆ ಕನಿಕರ ಬರ್ತಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ನನ್ನ ಗಂಡನ ವಿಷಯ ಹೊರಗೆ ಬಂದಾಗ ಜನ ನನ್ನನ್ನು ಏನು ಕೇಳಿದರು ಗೊತ್ತಾ? "ನೀನು ಸರಿಯಾಗಿ ನೋಡ್ಕೊಂಡಿದ್ರೆ ಅವನು ಯಾಕೆ ಹೋಗ್ತಿದ್ದ?" ಅಂತ. ನನ್ನ ಫೋಟೊನೂ ಅವಳ ಫೋಟೊನೂ ಪಕ್ಕಪಕ್ಕ ಇಟ್ಟು ಯಾರು ಚೆನ್ನಾಗಿದ್ದಾರೆ ಅಂತ ಹೋಲಿಸಿದರು. ಗಂಡಸು ಕೆಸರು ಕಂಡಲ್ಲಿ ತುಳೀತಾನೆ, ನೀರು ಕಂಡಲ್ಲಿ ತೊಳ್ಕೋತಾನೆ ಅಂತ ಹಿರಿಯರೇ ನನಗೆ ಬುದ್ಧಿ ಹೇಳಿದರು. ಅವನನ್ನು ಕೂರಿಸಿಕೊಂಡು ಒಬ್ಬರೂ ಕೇಳಲಿಲ್ಲ. ನನಗೆ ಮೋಸ ಮಾಡಿದ್ದು ಅವನು ಕಣ್ರೀ. ಅವಳ ಮೇಲೆ ನನಗೆ ಸಿಟ್ಟಿದೆ, ಅದು ನನ್ನ ಸಿಟ್ಟು. ನಿಮ್ಮ ಗುಂಪಿನವರು ಅದನ್ನು ಸಾಲ ತಗೊಂಡು ಬೈಯೋದು ಬೇಡ.
– ಒಬ್ಬ ಹೆಂಡತಿ

*

ಕೆಲಸಕ್ಕೆ ಬರೋ ಮಾತು ಹೇಳ್ತೀನಿ. ಗುಂಪಿನಲ್ಲಿ ಉದ್ದುದ್ದ ವಾದ ಮಾಡಬೇಡಿ, ಸತ್ತ ಮಾತಿಗೆ ಮತ್ತೆ ಜೀವ ಬರುತ್ತೆ. "ಇದನ್ನು ಇಲ್ಲಿ ಹಾಕಬೇಡಿ, ಅವಳು ನಮ್ಮವಳು" ಅಂತ ಒಂದು ಸಲ ಹೇಳಿ. ಅಡ್ಮಿನ್‌ಗೆ ಬೇರೆಯಾಗಿ ಫೋನ್ ಮಾಡಿ ಅಳಿಸೋಕೆ ಹೇಳಿ. ಬೆದರಿಕೆ, ಅಸಹ್ಯ ಮೆಸೇಜ್ ಏನೇ ಬಂದಿದ್ದರೂ ರಿಪೋರ್ಟ್ ಮಾಡೋ ಮೊದಲು ಲಿಂಕ್, ದಿನಾಂಕ, ಕಳಿಸಿದವರ ಹೆಸರು ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಪೋಸ್ಟ್ ಅಳಿಸಿಹೋದರೆ ತೋರಿಸೋಕೆ ಏನೂ ಉಳಿಯಲ್ಲ. ಇದನ್ನು ಅವಳ ಕೈಲಿ ಮಾಡಿಸಬೇಡಿ, ನೀವೇ ಕೂತು ಮಾಡಿ. ಅವಳು ಅದನ್ನೆಲ್ಲ ಮತ್ತೆ ಓದೋದು ತಪ್ಪುತ್ತೆ.

ಖಾಸಗಿ ಚಿತ್ರಗಳು ಹೊರಗೆ ಬರೋ ಭಯ ಇದ್ದರೆ ಸ್ಟಾಪ್‌ಎನ್‌ಸಿಐಐ ಅನ್ನೋ ಉಚಿತ ಸೇವೆ ಇದೆ, 2021ರಲ್ಲಿ ಶುರುವಾದದ್ದು, 18 ದಾಟಿದವರಿಗೆ. ಚಿತ್ರ ಫೋನ್ ಬಿಟ್ಟು ಹೋಗಲ್ಲ. ಅದರಿಂದ ಹ್ಯಾಶ್ ಅನ್ನೋ ಒಂದು ಸಂಕೇತ ತಯಾರಾಗಿ ಅದಷ್ಟೇ ಹೋಗುತ್ತೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಥರದ ಕಂಪನಿಗಳು ಅದನ್ನಿಟ್ಟುಕೊಂಡು ತಮ್ಮಲ್ಲಿ ಅದೇ ಚಿತ್ರ ಇದೆಯಾ ಅಂತ ಹುಡುಕಿ ತೆಗೀತಾರೆ. ಬರೀ ಚಾಟ್‌ನ ಸ್ಕ್ರೀನ್‌ಶಾಟ್‌ಗೆ ಇದು ಆಗಲ್ಲ, ಅದಕ್ಕೆ ಒಂದೊಂದಾಗಿ ರಿಪೋರ್ಟ್ ಮಾಡಬೇಕು. ಬೇಜಾರಿನ ಕೆಲಸ, ಆದರೂ ಮಾಡಿ.
– ಕೆ.

*

(ಗೆಳತಿ ಯಾರು, ಯಾವ ಕಚೇರಿ ಎಂದು ಊಹಿಸಿ ಬರೆದ ಪತ್ರಗಳೂ ಬಂದಿದ್ದವು. ಅವನ್ನು ಪ್ರಕಟಿಸುತ್ತಿಲ್ಲ, ನಮ್ಮ ಬಳಿ ಇಟ್ಟುಕೊಂಡೂ ಇಲ್ಲ. "ಹೆಸರು ಬೇಡ" ಎಂದವರ ಪತ್ರವನ್ನು ಅವರ ಒಪ್ಪಿಗೆ ಪಡೆದು ಪ್ರಶ್ನೆ ಕೇಳಿದ ಓದುಗರಿಗೆ ಮೊದಲೇ ಕಳಿಸಿದ್ದೇವೆ. – ಸಂ.)