ಎಚ್‌ಸಿ11 ಕೋಶಗಳಲ್ಲಿ ಬೀಟಾ-ಕೇಸಿನ್ ಏರುತ್ತಲೇ ಇಲ್ಲ, ಮೂರನೇ ಸಲ

ಹಾಲ್ಗೋಶ: ಸಾಕಾಗಿ ಹೋಗಿದೆ. ಎಚ್‌ಸಿ11 ಅಂದರೆ ಇಲಿಯ ಸ್ತನ ಗ್ರಂಥಿಯ ಕೋಶಗಳು, ಅವುಗಳಲ್ಲಿ ಹಾಲಿನ ಪ್ರೋಟೀನ್ ಬೀಟಾ-ಕೇಸಿನ್‌ನ ಜೀನ್ ಏಳಿಸಬೇಕು. ಡೆಕ್ಸಾಮೆಥಸೋನ್ (ಸ್ಟೀರಾಯ್ಡ್), ಇನ್ಸುಲಿನ್, ಪ್ರೊಲ್ಯಾಕ್ಟಿನ್ (ಹಾಲು ಬರಿಸುವ ಹಾರ್ಮೋನ್) ಮೂರೂ ಹಾಕಿ ನಾಲ್ಕು ದಿನ ಬಿಟ್ಟೆ. ಜೀನ್ ಎಷ್ಟು ಎದ್ದಿದೆ ಅಂತ ಅಳೆಯುವ ಕ್ಯೂಪಿಸಿಆರ್‌ನಲ್ಲಿ ಬೀಟಾ-ಕೇಸಿನ್ ಸಿಟಿ 34 (ಸಿಟಿ ಹೆಚ್ಚಿದಷ್ಟೂ ಜೀನ್ ಕಮ್ಮಿ). ಪ್ರೊಲ್ಯಾಕ್ಟಿನ್ ಇಲ್ಲದ ವೆಲ್‌ನಲ್ಲೂ (ತಟ್ಟೆಯ ಗುಳಿ) 34. ಹೋಲಿಕೆಗೆ ಇಟ್ಟ ಜಿಎಪಿಡಿಎಚ್ ಜೀನ್ ಚೆನ್ನಾಗಿದೆ. ಎಲ್ಲಾ ಮಾಮೂಲಿನಂತೆಯೇ ಮಾಡಿದ್ದು.

ಸ್ಟಾಟ್‌ಐದು: ಪ್ರೊಲ್ಯಾಕ್ಟಿನ್ ಸತ್ತಿದೆ. ಪದೇ ಪದೇ ಕರಗಿಸಿ ಫ್ರೀಜ್ ಮಾಡಿದ್ದೀರಾ?

ಹಾಲ್ಗೋಶ: ಇಲ್ಲ ಸರ್, ಹೊಸ ವಯಲ್. ಕುರಿಯದ್ದು, ಮಿಲಿಗೆ 5 ಮೈಕ್ರೊಗ್ರಾಂ.

ಸ್ಟಾಟ್‌ಐದು: ಹೊಸದಾದರೂ ಸರಿಯಾಗಿ ಕರಗಿರಲ್ಲ. ಸ್ವಲ್ಪ ಕ್ಷಾರದ ಬೈಕಾರ್ಬೊನೇಟ್‌ನಲ್ಲಿ ಕರಗಿಸಿ. ಹಾಕಿ 30 ನಿಮಿಷಕ್ಕೆ ಫಾಸ್ಫೊ-ಸ್ಟಾಟ್5 ಬ್ಲಾಟ್ (ಪ್ರೋಟೀನ್ ಪರೀಕ್ಷೆ) ನೋಡಿ. ಸ್ಟಾಟ್5 ಅಂದರೆ ಕೇಸಿನ್ ಜೀನ್ ಏಳಿಸುವ ಪ್ರೋಟೀನ್. ಪ್ರೊಲ್ಯಾಕ್ಟಿನ್ ರಿಸೆಪ್ಟರ್ ಜಾಕ್2 ಕಿಣ್ವವನ್ನು ಎಬ್ಬಿಸಿದರೆ ಅದು ಸ್ಟಾಟ್5ಗೆ ಫಾಸ್ಫೇಟ್ ಅಂಟಿಸುತ್ತೆ, ಬ್ಯಾಂಡ್ ಕಾಣಲೇಬೇಕು.

ಎಪಿಥೀಲಿ: ಜಿಎಪಿಡಿಎಚ್ ನಂಬಬೇಡಿ, ಇನ್ಸುಲಿನ್‌ಗೆ ಅದು ಅಲ್ಲಾಡುತ್ತೆ. ಹೋಲಿಕೆಗೆ ಕೆರಾಟಿನ್ 18 ಜೀನ್ ಹಾಕಿ.

ಸ್ಟಾಟ್‌ಐದು: ಎರಡೂ ವೆಲ್‌ನಲ್ಲಿ ಇನ್ಸುಲಿನ್ ಇದೆ ಅಲ್ವಾ? ಸುಮ್ನೆ ದಾರಿ ತಪ್ಪಿಸಬೇಡಿ.

ಎಪಿಥೀಲಿ: ಇವತ್ತಲ್ಲದಿದ್ದರೆ ನಾಳೆ ಇನ್ಸುಲಿನ್ ಇಲ್ಲದ ವೆಲ್ ಇಡ್ತಾರೆ. ಆಗ ಗೊತ್ತಾಗುತ್ತೆ.

ತುಣುಕುಪ್ರಿಯ: ನಾನು ಬಸುರಿ ಇಲಿಯ ಸ್ತನ ಗ್ರಂಥಿಯ ತುಣುಕುಗಳನ್ನೇ ಬೆಳೆಸೋದು. ಕೇಸಿನ್ ಜೊತೆ ಡಬ್ಲ್ಯೂಎಪಿ (ಇಲಿ ಹಾಲಿನ ಇನ್ನೊಂದು ಪ್ರೋಟೀನ್) ಕೂಡ ಬರುತ್ತೆ. ಎಚ್‌ಸಿ11ನಲ್ಲಿ ಅದು ಸಿಗೋದು ಕಷ್ಟ.

ಮೆಲ್ಲಗೆ: ಹಾಲ್ಗೋಶ, ಹಾರ್ಮೋನ್ ಹಾಕಿದ್ದು ಯಾವಾಗ? ಯಾವ ಮೀಡಿಯಂನಲ್ಲಿ?

ಹಾಲ್ಗೋಶ: ಕೋಶ ಹಾಕಿದ ಮಾರನೇ ದಿನ, ತಟ್ಟೆ ಮುಕ್ಕಾಲು ತುಂಬಿತ್ತು. ಮಾಮೂಲಿ ಬೆಳೆಸುವ ಮೀಡಿಯಂಗೇ ಮೂರನ್ನೂ ಸೇರಿಸಿದೆ. ಅದು ಮುಖ್ಯವಾ?

ಮೆಲ್ಲಗೆ: ಎಲ್ಲಾ ಅಲ್ಲೇ ಇದೆ. ಆ ಮೀಡಿಯಂನಲ್ಲಿ ಇಜಿಎಫ್ ಎಂಬ ಬೆಳವಣಿಗೆಯ ಪ್ರೋಟೀನ್ ಇರುತ್ತೆ. ಇಜಿಎಫ್ ಕೋಶವನ್ನು ಬೆಳೆಯೋಕೆ ತಳ್ಳುತ್ತೆ, ಕೇಸಿನ್ ಜೀನ್ ಏಳದಂತೆ ತಡೆಯುತ್ತೆ. ಆದರೆ ಮೊದಲೇ ತೆಗೆದರೂ ಕೆಡುತ್ತೆ, ಹಾರ್ಮೋನ್‌ಗೆ ತಯಾರಾಗೋಕೆ ಅದು ಬೇಕು. ತಟ್ಟೆ ಪೂರ್ತಿ ತುಂಬಲಿ. ಕೋಶಗಳು ಕಲ್ಲು ಹಾಸಿದ ಹಾಗೆ ಒತ್ತಾಗಿ ಕೂತ ಮೇಲೂ ಇಜಿಎಫ್, ಇನ್ಸುಲಿನ್‌ನಲ್ಲೇ ಎರಡು ಮೂರು ದಿನ ಬಿಡಿ. ಆಮೇಲೆ ತೊಳೆದು, ಇಜಿಎಫ್ ಇಲ್ಲದೆ ಒಂದು ದಿನ ಇಟ್ಟು ಮೂರನ್ನೂ ಹಾಕಿ. ಡೆಕ್ಸಾಮೆಥಸೋನ್ ಬಿಡಬೇಡಿ, ಅದರ ರಿಸೆಪ್ಟರ್ ಸ್ಟಾಟ್5 ಜೊತೆ ಸೇರಿ ಕೆಲಸ ಮಾಡುತ್ತೆ. ಎರಡು ಮೂರು ದಿನಕ್ಕೆ ಅಲ್ಲಲ್ಲಿ ಸಣ್ಣ ಗುಮ್ಮಟದ ಹಾಗೆ ಉಬ್ಬಿದರೆ ಸರಿ ದಾರಿಯಲ್ಲಿದ್ದೀರಿ.

ಸ್ಟಾಟ್‌ಐದು: ಇದು ಸರಿ ಇರಬಹುದು. ಆದರೂ ಪ್ರೊಲ್ಯಾಕ್ಟಿನ್ ಕೆಲಸ ಮಾಡುತ್ತಾ ಅಂತ ಫಾಸ್ಫೊ-ಸ್ಟಾಟ್5 ಬ್ಲಾಟ್ ಮಾಡಿಯೇ ನೋಡಿ.

ಹಾಲ್ಗೋಶ: ಇಜಿಎಫ್ ಅಷ್ಟು ಕೆಲಸ ಕೆಡಿಸುತ್ತೆ ಅಂತ ಯಾರೂ ಹೇಳಿರಲಿಲ್ಲ ಮೇಡಂ, ತುಂಬಾ ಥ್ಯಾಂಕ್ಸ್. ಇವತ್ತೇ ಹೊಸ ತಟ್ಟೆ ಹಾಕಿದೆ, ಬ್ಲಾಟ್‌ಗೂ ಒಂದು ಬೇರೆ ಇಟ್ಟಿದ್ದೇನೆ. ಹಾರ್ಮೋನ್ ಹಾಕುವಾಗ ಮೀಡಿಯಂನ ಸೀರಂ (ರಕ್ತದ ದ್ರವ) ಕಮ್ಮಿ ಮಾಡಬೇಕಾ?

ತುಣುಕುಪ್ರಿಯ: ತುಣುಕುಗಳಿಗೆ ಸೀರಂ ಬೇಕಾಗೋದೇ ಇಲ್ಲ, ಗೊತ್ತಾ?