ಮಾಡೆಲ್‌ನಲ್ಲಿ ಕೊಟ್ಟ ಡಿಫಾಲ್ಟ್ ಟೇಬಲ್‌ಗೆ ಯಾಕೆ ಬರ್ತಿಲ್ಲ?

ಶಿರಸಿಯಿಂದ, ಕೇಳಿದವರು:
ಅಡಿಕೆ ಖರೀದಿ ಲೆಕ್ಕಕ್ಕೆ ಜ್ಯಾಂಗೋದಲ್ಲಿ (ಪೈಥಾನ್ ಭಾಷೆಯ ವೆಬ್ ಫ್ರೇಮ್‌ವರ್ಕ್) ಪ್ರೋಗ್ರಾಂ ಬರೆದಿದ್ದೇನೆ. ಡೇಟಾಬೇಸ್ ಪೋಸ್ಟ್‌ಗ್ರೆಸ್. ಮಾಡೆಲ್‌ನಲ್ಲಿ, ಅಂದರೆ ಟೇಬಲ್ ಹೇಗಿರಬೇಕು ಅಂತ ಬರೆಯುವ ಪೈಥಾನ್ ಕೋಡ್‌ನಲ್ಲಿ, 'ಪಾವತಿ' ಕಾಲಂಗೆ 'ಬಾಕಿ' ಅಂತ ಡಿಫಾಲ್ಟ್ (ಏನೂ ಕೊಡದಿದ್ದರೆ ತಾನೇ ಬರುವ ಬೆಲೆ) ಇದೆ. ಫಾರ್ಮ್‌ನಲ್ಲಿ ತುಂಬಿದರೆ ಸರಿ ಬರುತ್ತದೆ. ಹಳೇ ಎಕ್ಸೆಲ್ ಪಟ್ಟಿಯನ್ನು ನೇರ ಎಸ್‌ಕ್ಯೂಎಲ್‌ನಲ್ಲಿ ಹಾಕಿದರೆ ಆ ಕಾಲಂ ನಲ್ (ಬೆಲೆಯೇ ಇಲ್ಲ) ಇದೆ ಅಂತ ಎರರ್. ಅನುಭವ ಇದ್ದವರು ದಯವಿಟ್ಟು ಹೇಳಿ.

ಕಾರವಾರದಿಂದ:
ತಮ್ಮಾ, ಇದರಲ್ಲಿ ನಾನು ಎರಡು ದಿನ ಕಳೆದಿದ್ದೇನೆ. ನೀನು ಬರೆದ ಡಿಫಾಲ್ಟ್ ಪೈಥಾನ್‌ಗೆ ಮಾತ್ರ ಗೊತ್ತು, ಟೇಬಲ್‌ಗೆ ಗೊತ್ತಿಲ್ಲ. ಮೈಗ್ರೇಷನ್ (ಮಾಡೆಲ್‌ನ ಬದಲಾವಣೆಯನ್ನು ಟೇಬಲ್‌ಗೆ ತರುವ ಕೆಲಸ) ಓಡುವಾಗ ಜ್ಯಾಂಗೋ ಆ ಬೆಲೆಯನ್ನು ಹಳೇ ಸಾಲುಗಳಿಗೆ ತುಂಬುತ್ತದೆ, ಆಮೇಲೆ ಟೇಬಲ್‌ನಿಂದ ಡಿಫಾಲ್ಟನ್ನೇ ತೆಗೆದುಬಿಡುತ್ತದೆ. ಪೋಸ್ಟ್‌ಗ್ರೆಸ್‌ಗೆ ಕಮಾಂಡ್ ಕೊಡುವ ಪಿಎಸ್‌ಕ್ಯೂಎಲ್ ತೆರೆದು ಬ್ಯಾಕ್‌ಸ್ಲ್ಯಾಶ್ ಡಿ, ಪಕ್ಕದಲ್ಲಿ ಟೇಬಲ್ ಹೆಸರು ಹಾಕಿ ನೋಡು. ಡಿಫಾಲ್ಟ್ ಜಾಗ ಖಾಲಿ ಇರುತ್ತದೆ.

ಜ್ಯಾಂಗೋ 5.0 ಅಥವಾ ಅದಕ್ಕಿಂತ ಹೊಸದಿದ್ದರೆ, ಟೇಬಲ್‌ಗೇ ಡಿಫಾಲ್ಟ್ ಇಡುವ 'ಡಿಬಿ_ಡಿಫಾಲ್ಟ್' ಕೊಡು. 5.0 ಬಂದದ್ದು 2023ರ ಡಿಸೆಂಬರ್‌ನಲ್ಲಿ. ಅದಕ್ಕಿಂತ ಹಳೇದಾದರೆ ಮೈಗ್ರೇಷನ್‌ನಲ್ಲೇ ಟೇಬಲ್ ಬದಲಿಸುವ ಎಸ್‌ಕ್ಯೂಎಲ್ ಆಜ್ಞೆ 'ಆಲ್ಟರ್ ಟೇಬಲ್' ಅನ್ನು ಕೈಯಾರೆ ಬರೆಯಬೇಕು. ಎರಡೂ ಕೊಟ್ಟರೆ ಪೈಥಾನ್ ಕಡೆಯಿಂದ ಬಂದ ಸಾಲಿಗೆ ಮಾಡೆಲ್‌ನದ್ದು, ಹೊರಗಿನಿಂದ ಬಂದದ್ದಕ್ಕೆ ಟೇಬಲ್‌ನದ್ದು. ಪೈಥಾನ್‌ನ ಇನ್ನೊಂದು ಡೇಟಾಬೇಸ್ ಲೈಬ್ರರಿ ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲೂ ಇದೇ ಕತೆ, ಅಲ್ಲಿ ಹೆಸರು 'ಸರ್ವರ್_ಡಿಫಾಲ್ಟ್'.

ಒಂದು ಮರೀಬೇಡ. ಎಕ್ಸೆಲ್‌ನಿಂದ ಹಾಕುವಾಗ ಆ ಕಾಲಂ ಹೆಸರನ್ನೇ ಬಿಡಬೇಕು. ಹೆಸರು ಬರೆದು ನಲ್ ಕೊಟ್ಟರೆ ನಲ್ಲೇ ಹೋಗುತ್ತದೆ, ಡಿಫಾಲ್ಟ್ ಹತ್ತಿರಕ್ಕೂ ಬರುವುದಿಲ್ಲ.

ಕುಮಟಾದಿಂದ:
ತಾರೀಖಿನ ಕಾಲಂ ಇದ್ದರೆ ಅದನ್ನೂ ನೋಡಿಕೊಳ್ಳಿ. ಈಗಿನ ಹೊತ್ತು ಬರಲಿ ಅಂತ ಡಿಫಾಲ್ಟ್‌ಗೆ 'ಟೈಮ್‌ಝೋನ್.ನೌ' ಕೊಟ್ಟು, ಅದರ ಮುಂದೆ ಕಂಸ ಹಾಕಿದ್ದೆ. ಸರ್ವರ್ ಶುರುವಾದ ಹೊತ್ತೇ ಎಲ್ಲಾ ಚೀಟಿಗೂ ಬಿತ್ತು. ಕಂಸ ತೆಗೆದ ಮೇಲೆ ಸರಿಯಾಯ್ತು.

ಸಿದ್ದಾಪುರದಿಂದ:
ಅಣ್ಣ, ಡಿಫಾಲ್ಟ್ ಎಲ್ಲಿ ಕೊಡಬಾರದು ಅನ್ನೋದನ್ನೂ ಯೋಚಿಸಿ. ನಾನು ಒಂದು ಅಡಿಕೆ ಅಂಗಡಿಗೆ ಮಾಡಿಕೊಟ್ಟಾಗ ಮಾಲಿನ ಜಾತಿಗೆ 'ಚಾಲಿ' ಅಂತ ಡಿಫಾಲ್ಟ್ ಇಟ್ಟಿದ್ದೆ. ಹೆಚ್ಚು ಬರುವುದು ಅದೇ ಅಲ್ವಾ ಅಂತ. ಗಡಿಬಿಡಿಯಲ್ಲಿ ಹುಡುಗರು ಆ ಬಾಕ್ಸ್ ಮುಟ್ಟದೆ ಮುಂದೆ ಹೋದರು. ಒಬ್ಬ ಹಿರಿಯರು ತೂಕದ ಚೀಟಿ ಹಿಡಿದು ವಾಪಸ್ ಬಂದರು. ತಂದದ್ದು ರಾಶಿ, ಚೀಟಿಯಲ್ಲಿ ಚಾಲಿ. ಎರಡರ ದರವೇ ಬೇರೆ. ಅವರು ಸಿಟ್ಟಾಗಲಿಲ್ಲ, ಚೀಟಿಯನ್ನು ಮೇಜಿನ ಮೇಲಿಟ್ಟು ಆ ಅಕ್ಷರದ ಮೇಲೆ ಬೆರಳಿಟ್ಟರು. ಆ ಬೆರಳು ನನಗೆ ಇನ್ನೂ ನೆನಪಿದೆ.

ಅವತ್ತೇ ಡಿಫಾಲ್ಟ್ ತೆಗೆದೆ. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಅಕ್ಷರದ ಕಾಲಂಗೆ ಏನೂ ಕೊಡದಿದ್ದರೆ ಜ್ಯಾಂಗೋ ನಲ್ ಕಳಿಸುವುದಿಲ್ಲ, ಖಾಲಿ ಸ್ಟ್ರಿಂಗ್ ಕಳಿಸುತ್ತದೆ. ನಲ್ ಬಿಡಬೇಡ ಅನ್ನುವ 'ನಾಟ್ ನಲ್' ನಿಯಮ ಅದನ್ನು ತಡೆಯುವುದಿಲ್ಲ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕ, ಇಷ್ಟರಲ್ಲಿ ಒಂದಿರಲೇಬೇಕು ಅಂತ ಟೇಬಲ್‌ಗೇ ನಿಯಮ, ಅಂದರೆ ಚೆಕ್ ಕನ್‌ಸ್ಟ್ರೇಂಟ್, ಹಾಕಿದೆ.

ಶಿರಸಿಯಿಂದ, ಕೇಳಿದವರು:
ನೋಡಿದೆ, ಡಿಫಾಲ್ಟ್ ಜಾಗ ನಿಜಕ್ಕೂ ಖಾಲಿ ಇತ್ತು. 'ಡಿಬಿ_ಡಿಫಾಲ್ಟ್' ಕೊಟ್ಟು, ಪಾವತಿ ಕಾಲಂ ಬಿಟ್ಟು ಪಟ್ಟಿ ಹಾಕಿದೆ. ಎಲ್ಲದಕ್ಕೂ 'ಬಾಕಿ' ಬಂತು. ಜಾತಿಗೆ ನಾನೂ 'ಚಾಲಿ' ಅಂತಲೇ ಇಟ್ಟಿದ್ದೆ. ಈಗ ತೆಗೆಯುತ್ತಿದ್ದೇನೆ.