ಸಹಾಯ ಬೇಕು: ಕೀಟೋ ಮುಂದುವರಿಸೋದಾ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ನೋಡಿ ಬಿಡೋದಾ?

ನಮಸ್ಕಾರ. ನಾನು ಕೀಟೋ ಡಯಟ್‌ನಲ್ಲಿದ್ದೀನಿ, ಅಂದ್ರೆ ಕಾರ್ಬ್ (ಪಿಷ್ಟ, ಸಕ್ಕರೆ) ತೀರಾ ಕಡಿಮೆ, ಕೊಬ್ಬು ಹೆಚ್ಚು. ಕಾರ್ಬ್ ದಿನಕ್ಕೆ 20–30 ಗ್ರಾಂ, ರಕ್ತದ ಕೀಟೋನ್ (ಕೊಬ್ಬು ಕರಗುವಾಗ ದೇಹ ತಯಾರಿಸೋ ಇಂಧನ) ಲೀಟರ್‌ಗೆ 0.5ರಿಂದ 1.5 ಮಿಲಿಮೋಲ್. ತೂಕ ಇಳಿದು ಈಗ ಒಂದೇ ಕಡೆ ನಿಂತಿದೆ. ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಒಂದು ಬಗೆಯ ಕೊಬ್ಬು) ಇಳಿದಿದೆ, ಎಚ್‌ಡಿಎಲ್ (ಒಳ್ಳೆ ಕೊಲೆಸ್ಟ್ರಾಲ್) ಏರಿದೆ. ತಲೆಬಿಸಿ ಎಲ್‌ಡಿಎಲ್‌ದು ಮಾತ್ರ: 118 ಇದ್ದದ್ದು 196 ಆಗಿದೆ.

ತೂಕ ಇಳಿಯುತ್ತಿರುವಾಗ ಎಲ್‌ಡಿಎಲ್ ತಾತ್ಕಾಲಿಕವಾಗಿ ಏರಬಹುದು. ಅದಕ್ಕೇ ತೂಕ ಸ್ಥಿರವಾದ ಮೇಲೆ, 12 ಗಂಟೆ ಏನೂ ತಿನ್ನದೆ ಮತ್ತೆ ಟೆಸ್ಟ್ ಮಾಡಿಸಿದ್ದಾಯ್ತು, ಅಷ್ಟೇ ಇದೆ. ಟಿಎಸ್‌ಎಚ್ ನಾರ್ಮಲ್, ಹಾಗಾಗಿ ಥೈರಾಯ್ಡ್ ಕಾರಣ ಅಲ್ಲ. ಆಮೇಲೆ ಬೆಣ್ಣೆ, ಕೆನೆ, ತೆಂಗಿನೆಣ್ಣೆ ಕಡಿಮೆ ಮಾಡಿ ಆಲಿವ್ ಎಣ್ಣೆ, ಬಾದಾಮಿ, ಮೀನು ಹೆಚ್ಚಿಸಿದೆ, ಜೊತೆಗೆ ದಿನಾ ಇಸಬ್ಗೋಲ್. 178ಕ್ಕೆ ಬಂತು, ಅಲ್ಲೇ ನಿಂತಿದೆ. (ಕಾಫಿಗೆ ಬೆಣ್ಣೆ ಹಾಕೋ ಐಡಿಯಾ ಯಾವ ಪುಣ್ಯಾತ್ಮರದ್ದೋ!)

ಶುಗರ್, ಬಿಪಿ ಮಾತ್ರೆ ಯಾವುದೂ ಇಲ್ಲ. ಮೊದಲೇ ಹೇಳೋಕೆ ಕಾರಣ ಇದೆ: ಎಸ್‌ಜಿಎಲ್‌ಟಿ2 ಗುಂಪಿನ ಶುಗರ್ ಮಾತ್ರೆ ತಗೊಳ್ಳೋರಿಗೆ ಕೀಟೋದಲ್ಲಿ ಶುಗರ್ ಅಷ್ಟೇನೂ ಏರದೆ ಕೀಟೋಆಸಿಡೋಸಿಸ್ (ಕೀಟೋನ್ ಅತಿಯಾಗಿ ರಕ್ತ ಆಮ್ಲೀಯವಾಗೋ ಅಪಾಯದ ಸ್ಥಿತಿ) ಆಗಬಹುದು.

ಸಿಕ್ಕಿಹಾಕಿಕೊಂಡಿರೋದು ಇಲ್ಲಿ. ಕಾರ್ಬ್ 80–100 ಗ್ರಾಂಗೆ ಏರಿಸಿದರೆ, ಅದರಲ್ಲೂ ತೆಳ್ಳಗಿರೋರಲ್ಲಿ, ಎಲ್‌ಡಿಎಲ್ ಚೆನ್ನಾಗಿ ಇಳಿಯಬಹುದು. ಆದರೆ ಕೀಟೋಸಿಸ್ (ದೇಹ ಮುಖ್ಯವಾಗಿ ಕೊಬ್ಬು, ಕೀಟೋನ್ ಮೇಲೆ ನಡೆಯೋ ಸ್ಥಿತಿ) ಕೈಬಿಟ್ಟು ಹೋಗುತ್ತೆ. "ಟ್ರೈಗ್ಲಿಸರೈಡ್ ಕಡಿಮೆ ಇದ್ರೆ ಎಲ್‌ಡಿಎಲ್ ಲೆಕ್ಕಕ್ಕಿಲ್ಲ" ಅನ್ನೋ ವಾದ ನನಗೆ ಒಪ್ಪಿಗೆಯಿಲ್ಲ, ವರ್ಷಗಟ್ಟಲೆ ಮುಂದುವರಿಸೋದಾದ್ರಂತೂ ಇಲ್ಲವೇ ಇಲ್ಲ. ಡಾಕ್ಟರ್ ಹತ್ತಿರ ಹೋಗೋದು ಇದ್ದೇ ಇದೆ, ಅದಕ್ಕೂ ಮುಂಚೆ ಕೇಳ್ತಿದ್ದೀನಿ.

ಇದೇ ಪರಿಸ್ಥಿತಿ ನಿಭಾಯಿಸಿದವರು ಹೇಳಿ: ಕಾರ್ಬ್ ಎಷ್ಟು ಗ್ರಾಂಗೆ ಏರಿಸಿದಾಗ ಎಲ್‌ಡಿಎಲ್ ಇಳಿಯಿತು, ಎಷ್ಟು ವಾರ ಬಿಟ್ಟು ಮರುಪರೀಕ್ಷೆ ಮಾಡಿಸಿದ್ರಿ? ಅಪೊಬಿ (ಎಲ್‌ಡಿಎಲ್‌ನಂಥ ಕಣಗಳ ಸಂಖ್ಯೆ ತೋರಿಸೋ ರಕ್ತ ಪರೀಕ್ಷೆ) ಮೊದಲೇ ಮಾಡಿಸಬೇಕಾ, ಕಾರ್ಬ್ ಏರಿಸಿದ ಮೇಲೆ ಸಾಕಾ?